ಬಳ್ಳಿಯ ಬುಡದ ತಾಮ್ರ

1885ರಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬಳ್ಳಿಗಳಿಗೆ ಸಿಂಪಡಿಸಿದ ತಾಮ್ರ ಈಗ ಎಲ್ಲಿದೆ? ಮಳೆಗೆ ಕೊಚ್ಚಿಹೋದ ಮಣ್ಣಿನೊಂದಿಗೆ ಹಳ್ಳ ಸೇರಿದ ಪಾಲನ್ನು ಬಿಟ್ಟರೆ, ಉಳಿದದ್ದು ಅಲ್ಲೇ ಇದೆ. ಅಂದಿನ ಬಳ್ಳಿಗಳು ಮುಪ್ಪಾದವು, ಅವನ್ನು ಕಿತ್ತು ಹೊಸವನ್ನು ನೆಟ್ಟರು, ಅವೂ ಮುಪ್ಪಾದವು. ಸಿಂಪಡಿಸಿದವರ ಮರಿಮಕ್ಕಳ ಕಾಲವೂ ಮುಗಿಯುತ್ತ ಬಂತು. ತಾಮ್ರ ಮಾತ್ರ ಮೇಲ್ಮಣ್ಣಿನ ಒಂದು ಗೇಣಿನೊಳಗೇ ಉಳಿದುಕೊಂಡಿದೆ. ಮೇಲಿಂದ ಪ್ರತಿ ವರ್ಷ ಇನ್ನಷ್ಟು ಬಂದು ಸೇರುತ್ತಿದೆ.

ಡಿಡಿಟಿಯಾಗಲಿ ಎಂಡೋಸಲ್ಫಾನ್ ಆಗಲಿ, ಎಷ್ಟೇ ಹಟಮಾರಿ ವಿಷವಾದರೂ ಅದೊಂದು ಸಂಯುಕ್ತ. ಬಿಸಿಲು, ನೀರು, ಸೂಕ್ಷ್ಮಜೀವಿಗಳ ಕಿಣ್ವಗಳು ಸೇರಿಕೊಂಡು ವರ್ಷಗಳ ಮೇಲೋ ದಶಕಗಳ ಮೇಲೋ ಅದರ ಅಣುವನ್ನು ಮುರಿಯುತ್ತವೆ. ತಾಮ್ರ ಮೂಲವಸ್ತು. ಅದನ್ನು ಮುರಿದು ಬೇರೇನನ್ನೋ ಮಾಡಬಲ್ಲ ಜೀವಿ ಈ ಭೂಮಿಯ ಮೇಲೆ ಹುಟ್ಟಿಲ್ಲ, ಹುಟ್ಟಲಾರದು.

ಹಾಗಿದ್ದರೂ ಒಂದೇ ಪ್ರಮಾಣದ ತಾಮ್ರವಿರುವ ಎರಡು ತೋಟಗಳಲ್ಲಿ ಒಂದರಲ್ಲಿ ಸಸಿ ಹಸಿರಾಗಿ ಬೆಳೆಯುತ್ತದೆ, ಇನ್ನೊಂದರಲ್ಲಿ ಬೇರು ಮುರುಟಿ ಎಲೆ ಹಳದಿಯಾಗುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಮಣ್ಣಿನ ಗುಣ. ಆ ಗುಣವನ್ನು ದಿನದಿನವೂ ತಿದ್ದುತ್ತಿರುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಅವು ತಾಮ್ರವನ್ನು ನಾಶ ಮಾಡಲಾರವು. ಆದರೆ ಹಿಡಿದಿಡಬಲ್ಲವು, ಬಿಡಿಸಬಲ್ಲವು, ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಬಲ್ಲವು. ದ್ರಾಕ್ಷಿ ತೋಟದ ತಾಮ್ರ ಎಷ್ಟರ ಮಟ್ಟಿಗೆ ವಿಷ ಎಂಬುದು ಈ ಮೂರು ಕೆಲಸಗಳಲ್ಲಿ ತೀರ್ಮಾನವಾಗುತ್ತದೆ.

ಸೇಂಟ್ ಜೂಲಿಯನ್‌ನ ನೀಲಿ ಎಲೆಗಳು

ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ದ್ರಾಕ್ಷಿಗೆ ಒಂದರ ಹಿಂದೊಂದು ಪಿಡುಗು ಬಂತು. ಬೇರು ಹೀರುವ ಫಿಲೋಕ್ಸೆರಾ ಎಂಬ ಕೀಟ ತೋಟಗಳನ್ನೇ ಒಣಗಿಸಿತು. ಅದನ್ನು ತಾಳಿಕೊಳ್ಳುವ ಬೇರುಕಾಂಡಗಳನ್ನು ಅಮೆರಿಕದಿಂದ ತರಿಸಿದರು. 1878ರ ಹೊತ್ತಿಗೆ ಅಮೆರಿಕದ್ದೇ ಆದ ಇನ್ನೊಂದು ರೋಗ ಫ್ರಾನ್ಸಿನಲ್ಲಿ ಕಾಣಿಸಿಕೊಂಡಿತು. ಎಲೆಯ ಅಡಿಯಲ್ಲಿ ಬಿಳಿ ತುಪ್ಪಟದಂತೆ ಹಬ್ಬಿ, ಎಲೆ ಉದುರಿಸಿ, ಗೊಂಚಲು ಕೆಡಿಸುವ ಬೂಜು ರೋಗ ಅದು. ಅದರ ಕಾರಣಜೀವಿ ಪ್ಲಾಸ್ಮೋಪಾರಾ ವಿಟಿಕೋಲ. ಹೊರನೋಟಕ್ಕೆ ಶಿಲೀಂಧ್ರದಂತಿದ್ದರೂ ವಂಶದಲ್ಲಿ ಬೇರೆ. ನಮ್ಮ ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರಾ ಇದರ ಬಳಗದ್ದೇ. ಎರಡಕ್ಕೂ ಎಲೆಯ ಮೇಲಿನ ನೀರಿನ ಪದರದಲ್ಲಿ ಈಜುವ ಬೀಜಕಣಗಳಿವೆ. ಮಳೆ ಹಿಡಿದಾಗ ರೋಗ ಹಬ್ಬುವುದು ಅದಕ್ಕೇ.

ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಪಿಯರ್ ಮಾರಿ ಅಲೆಕ್ಸಿ ಮಿಲ್ಲಾರ್ಡೆ 1882ರ ಅಕ್ಟೋಬರ್‌ನಲ್ಲಿ ಮೆಡಾಕ್ ಪ್ರದೇಶದ ಸೇಂಟ್ ಜೂಲಿಯನ್‌ಗೆ ಹೋಗಿದ್ದರು. ಸುತ್ತಲ ತೋಟಗಳೆಲ್ಲ ಎಲೆ ಉದುರಿಸಿಕೊಂಡು ನಿಂತಿದ್ದರೂ ರಸ್ತೆ ಅಂಚಿನ ಸಾಲುಗಳಲ್ಲಿ ಎಲೆಗಳು ಹಸಿರಾಗಿದ್ದವು, ಅವುಗಳ ಮೇಲೆ ನೀಲಿ ಲೇಪವಿತ್ತು. ವಿಚಾರಿಸಿದಾಗ ತಿಳಿದದ್ದಿಷ್ಟು: ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲೆಂದು ಅಲ್ಲಿನವರು ತಾಮ್ರದ ಉಪ್ಪು ಮತ್ತು ಸುಣ್ಣ ಬೆರೆಸಿ ಆ ಸಾಲುಗಳಿಗೆ ಎರಚಿದ್ದರು. ನೋಡಿದವರಿಗೆ ವಿಷದ ಭಯ ಹುಟ್ಟಲಿ ಎಂಬುದಷ್ಟೇ ಉದ್ದೇಶ. ರೋಗ ನಿಂತದ್ದು ಆಕಸ್ಮಿಕ. ಮಿಲ್ಲಾರ್ಡೆ ಆ ಆಕಸ್ಮಿಕವನ್ನು ಅಲ್ಲಿಗೇ ಬಿಡಲಿಲ್ಲ. ರಸಾಯನವಿಜ್ಞಾನಿ ಯುಲಿಸ್ ಗಯೋನ್ ನೆರವಿನಿಂದ ಮಿಶ್ರಣವನ್ನು ಪರೀಕ್ಷಿಸಿ, 1885ರಲ್ಲಿ ಮೈಲುತುತ್ತ ಮತ್ತು ಸುಣ್ಣದ ಪಾಕವನ್ನು ಜಗತ್ತಿಗೆ ಕೊಟ್ಟರು. ಅದೇ ಬೋರ್ಡೋ ದ್ರಾವಣ.

ಆ ಪಾಕ ಕರ್ನಾಟಕಕ್ಕೆ ಬರಲು ಬಹಳ ಕಾಲ ಹಿಡಿಯಲಿಲ್ಲ. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ, 1910ರ ವೇಳೆಗೆ ಅಡಿಕೆ ಗೊನೆಗಳಿಗೆ ಬೋರ್ಡೋ ಸಿಂಪಡಿಸುವ ದಾರಿ ತೋರಿಸಿದರು. ಇಂದಿಗೂ ಮುಂಗಾರು ಹಿಡಿಯುವ ಮುನ್ನ ಅಡಿಕೆ ಬೆಳೆಗಾರರು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕದಲ್ಲಿ ಔಷಧ ಕಲಸುತ್ತಾರೆ. ಕಾಫಿ, ಕಾಳುಮೆಣಸು, ದ್ರಾಕ್ಷಿ ತೋಟಗಳಿಗೂ ಅದು ಹೋಗುತ್ತದೆ. ಈ ಪಾಕ ಲಕ್ಷಾಂತರ ಕುಟುಂಬಗಳ ಬೆಳೆ ಉಳಿಸಿದೆ. ಮುಂದಿನ ಮಾತುಗಳನ್ನು ಓದುವಾಗ ಆ ಋಣವನ್ನು ಮರೆಯಬಾರದು.

ಸೇರಿದ್ದೆಷ್ಟು, ಹೋದದ್ದೆಷ್ಟು

ಮೈಲುತುತ್ತದ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರ. ಒಂದು ಕಿಲೋ ಮೈಲುತುತ್ತ ಸಿಂಪಡಿಸಿದರೆ 250 ಗ್ರಾಂ ತಾಮ್ರ ತೋಟಕ್ಕೆ ಬಂತು ಎಂದೇ ಲೆಕ್ಕ. ಎಲೆಗೆ ಅಂಟಿದ್ದನ್ನು ಮಳೆ ತೊಳೆಯುತ್ತದೆ, ಉಳಿದದ್ದು ಎಲೆ ಉದುರಿದಾಗ ನೆಲಕ್ಕೆ ಬರುತ್ತದೆ. ಯುರೋಪಿನ ತೋಟಗಳಲ್ಲಿ ಮೊದಲ ದಶಕಗಳಲ್ಲಿ ವರ್ಷಕ್ಕೆ ಹೆಕ್ಟೇರಿಗೆ 20ರಿಂದ 30 ಕಿಲೋ ತಾಮ್ರ ಬಳಸುತ್ತಿದ್ದರು, ಕೆಲವೆಡೆ 50 ಕಿಲೋ ತನಕವೂ. ಹತ್ತು ಟನ್ ದ್ರಾಕ್ಷಿ ಕೊಯ್ದು ಮಾರಿದಾಗ ಅದರೊಂದಿಗೆ ತೋಟದಿಂದ ಹೊರಗೆ ಹೋಗುವ ತಾಮ್ರವನ್ನು ಗ್ರಾಂಗಳಲ್ಲಿ ಎಣಿಸಬೇಕು. ಹೀಗೆ ಬರುವುದು ಕಿಲೋಗಳಲ್ಲಿ, ಹೋಗುವುದು ಗ್ರಾಂಗಳಲ್ಲಿ. ನೂರು ವರ್ಷ ಇದೇ ನಡೆದರೆ ಏನಾಗಬೇಕೋ ಅದೇ ಆಗಿದೆ.

ಯುರೋಪಿನ ಒಕ್ಕೂಟ ತನ್ನ ಸದಸ್ಯ ದೇಶಗಳಿಂದ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಮಣ್ಣಿನ ಮಾದರಿ ತೆಗೆದು ತಾಮ್ರವನ್ನು ಅಳೆಯಿಸಿತು. 2018ರಲ್ಲಿ ಹೊರಬಂದ ಫಲಿತಾಂಶದಂತೆ ಒಟ್ಟು ಮಣ್ಣಿನ ಸರಾಸರಿ ಕಿಲೋಗೆ ಸುಮಾರು 17 ಮಿಲಿಗ್ರಾಂ, ದ್ರಾಕ್ಷಿ ತೋಟಗಳ ಸರಾಸರಿ 49 ಮಿಲಿಗ್ರಾಂ, ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು. ಇದು ಸರಾಸರಿ. ಮಳೆ ಹೆಚ್ಚಿ ರೋಗ ಹೆಚ್ಚುವ ಕಡೆ ಸಿಂಪರಣೆಯೂ ಹೆಚ್ಚು. ದಕ್ಷಿಣ ಬ್ರೆಜಿಲ್‌ನ ರಿಯೊ ಗ್ರಾಂಡೆ ಡೊ ಸುಲ್ ರಾಜ್ಯಕ್ಕೆ ಇಟಲಿಯ ವಲಸಿಗರು ದ್ರಾಕ್ಷಿ ಕೃಷಿಯನ್ನು ಕೊಂಡೊಯ್ದರು. ಅಲ್ಲಿನ ಕೆಲವು ಹಳೆಯ ತೋಟಗಳಲ್ಲಿ ಕಿಲೋ ಮಣ್ಣಿಗೆ 3,000 ಮಿಲಿಗ್ರಾಂ ಮೀರಿದ ತಾಮ್ರ ಸಿಕ್ಕಿದೆ.

ಸಿಂಪಡಿಸುವವರ ದೇಹವೂ ಬೆಲೆ ತೆತ್ತಿತು. ವರ್ಷಗಟ್ಟಲೆ ಬೋರ್ಡೋ ಮಂಜನ್ನು ಉಸಿರಾಡಿದ ಪೋರ್ಚುಗಲ್‌ನ ತೋಟ ಕಾರ್ಮಿಕರ ಶ್ವಾಸಕೋಶ ರೋಗವನ್ನು ಅಲ್ಲಿನ ವೈದ್ಯರು 1969ರಲ್ಲಿ ವರದಿ ಮಾಡಿದರು. 2019ರಿಂದ ಯುರೋಪಿನಲ್ಲಿ ಹೊಸ ಮಿತಿ ಬಂತು: ಏಳು ವರ್ಷಗಳಲ್ಲಿ ಒಟ್ಟು ಹೆಕ್ಟೇರಿಗೆ 28 ಕಿಲೋ ತಾಮ್ರ, ಸರಾಸರಿ ವರ್ಷಕ್ಕೆ 4 ಕಿಲೋ. ಹೆಚ್ಚಿನ ರಾಸಾಯನಿಕ ಶಿಲೀಂಧ್ರನಾಶಕಗಳನ್ನು ತೊರೆದ ಸಾವಯವ ದ್ರಾಕ್ಷಿ ಬೆಳೆಗಾರರಿಗೆ ಬೂಜು ರೋಗದ ವಿರುದ್ಧ ತಾಮ್ರವೇ ಮುಖ್ಯ ಆಸರೆ. ಹಾಗಾಗಿ ಈ ಮಿತಿಯ ಬಿಸಿ ಅವರಿಗೇ ಹೆಚ್ಚು ತಟ್ಟಿತು.

ಇರುವುದೆಲ್ಲ ತಟ್ಟುವುದಿಲ್ಲ

ಪ್ರಯೋಗಾಲಯದವರು ಮಣ್ಣನ್ನು ಪ್ರಬಲ ಆಮ್ಲದಲ್ಲಿ ಕರಗಿಸಿ ಅಳೆದಾಗ ಬರುವ ಅಂಕಿ ಒಟ್ಟು ತಾಮ್ರದ್ದು. ಬೇರಿಗೋ ಬ್ಯಾಕ್ಟೀರಿಯಾಕ್ಕೋ ತಟ್ಟುವುದು ಅದರ ಅಲ್ಪ ಭಾಗ ಮಾತ್ರ. ಕಣಜದಲ್ಲಿ ಬೀಗ ಹಾಕಿಟ್ಟ ಭತ್ತಕ್ಕೂ ಒಲೆಯಿಂದ ಇಳಿಸಿದ ಅನ್ನಕ್ಕೂ ಇರುವ ವ್ಯತ್ಯಾಸ ಒಟ್ಟು ತಾಮ್ರಕ್ಕೂ ಲಭ್ಯ ತಾಮ್ರಕ್ಕೂ ಇದೆ.

ತಾಮ್ರದ ಅಯಾನಿಗೆ ಎರಡು ಧನ ವಿದ್ಯುದಂಶ. ಹ್ಯೂಮಸ್‌ನ ದೊಡ್ಡ ಅಣುಗಳಲ್ಲಿರುವ ಋಣ ವಿದ್ಯುದಂಶದ ಗುಂಪುಗಳು ಅದನ್ನು ಬಲವಾಗಿ ಹಿಡಿಯುತ್ತವೆ. ಇಷ್ಟು ಬಿಗಿಯಾದ ಹಿಡಿತ ಸತು, ಕ್ಯಾಡ್ಮಿಯಮ್‌ಗಳಿಗೂ ಸಿಗುವುದಿಲ್ಲ. ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡ್‌ಗಳು, ಜೇಡಿಕಣಗಳು, ಸುಣ್ಣದ ಕಣಗಳು ಇನ್ನಷ್ಟನ್ನು ಹಿಡಿಯುತ್ತವೆ. ಕೊನೆಗೆ ಮಣ್ಣಿನ ತೇವದಲ್ಲಿ ಕರಗಿ ಉಳಿಯುವುದು ಶೇಕಡಾ ಒಂದಕ್ಕಿಂತ ಕಡಿಮೆ. ಅದರಲ್ಲೂ ಬಹುಪಾಲು ಸಾವಯವ ಅಣುಗಳಿಗೆ ಕಟ್ಟಿಕೊಂಡೇ ಇರುತ್ತದೆ. ಬಿಡಿಯಾಗಿ ಓಡಾಡುವ ಅಯಾನು ಅತಿ ಅಲ್ಪ, ವಿಷದ ಶಕ್ತಿ ಇರುವುದು ಮುಖ್ಯವಾಗಿ ಅದಕ್ಕೇ.

ಈ ಸಮತೋಲವನ್ನು ಅಲ್ಲಾಡಿಸುವ ಮೊದಲ ಸಂಗತಿ ಮಣ್ಣಿನ ರಸಸಾರ. ಮಣ್ಣು ಹುಳಿಯಾದಂತೆ ಹೈಡ್ರೋಜನ್ ಅಯಾನುಗಳು ಬಂದು ತಾಮ್ರದ ಜಾಗ ಹಿಡಿಯುತ್ತವೆ, ತಾಮ್ರ ಬಿಡಿಯಾಗುತ್ತದೆ. ಹುಳಿಯಾದ ಮರಳು ಮಣ್ಣಿನಲ್ಲಿ ಕಿಲೋಗೆ 100 ಮಿಲಿಗ್ರಾಂ ತಾಮ್ರ ಮಾಡುವ ಹಾನಿಯನ್ನು ಸುಣ್ಣ ಮತ್ತು ಹ್ಯೂಮಸ್ ತುಂಬಿದ ಜೇಡಿಮಣ್ಣಿನಲ್ಲಿ ಅದರ ಎಷ್ಟೋ ಪಟ್ಟು ತಾಮ್ರವೂ ಮಾಡದಿರಬಹುದು. ಹಳೆಯ ದ್ರಾಕ್ಷಿ ಬಳ್ಳಿಯ ಬೇರು ಆಳಕ್ಕೆ ಇಳಿದಿರುವುದರಿಂದ ಮೇಲ್ಮಣ್ಣಿನ ತಾಮ್ರ ಅದಕ್ಕೆ ಹೆಚ್ಚು ತಟ್ಟುವುದಿಲ್ಲ. ಅದೇ ನೆಲದಲ್ಲಿ ಬಳ್ಳಿ ಕಿತ್ತು ಬೇರೆ ಬೆಳೆ ಹಾಕಿದಾಗ ಗುಟ್ಟು ಬಯಲಾಗುತ್ತದೆ. ದಕ್ಷಿಣ ಫ್ರಾನ್ಸಿನ ಲಾಂಗ್‌ಡಾಕ್‌ನಲ್ಲಿ ಹಿಂದೆ ದ್ರಾಕ್ಷಿ ಬೆಳೆದ ಹೊಲಗಳಲ್ಲಿ ಪಾಸ್ತಾ ಗೋಧಿ ಬಿತ್ತಿದಾಗ ತಾಮ್ರದ ಅಡ್ಡಿಯಿಂದ ಪೈರು ಕಬ್ಬಿಣ ಸಿಗದೆ ಹಳದಿಯಾದದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ.

ಜೀವಕೋಶದೊಳಗೆ ಒಂದು ಬಿಡಿ ಅಯಾನು

ತಾಮ್ರ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಹೇಗೆ? ತಾಮ್ರ ಆಕ್ಸಿಜನ್‌ನೊಂದಿಗೆ ಸೇರಿ ಉಗ್ರವಾದ ರ‍್ಯಾಡಿಕಲ್‌ಗಳನ್ನು ಹುಟ್ಟಿಸಿ ಡಿಎನ್‌ಎ ಸುಡುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 2009ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಲೀ ಮ್ಯಾಕೊಂಬರ್ ಮತ್ತು ಜೇಮ್ಸ್ ಇಮ್ಲೆ ಬೇರೆಯೇ ಕಥೆ ಹೇಳಿದರು. ಅವರು ತಾಮ್ರವನ್ನು ಹೊರಹಾಕುವ ಜೀನುಗಳನ್ನೆಲ್ಲ ತೆಗೆದುಹಾಕಿದ ಇ. ಕೋಲೈ ಬ್ಯಾಕ್ಟೀರಿಯಾವನ್ನು ತಾಮ್ರದ ದ್ರಾವಣದಲ್ಲಿ ಬೆಳೆಸಿದರು. ಬೆಳವಣಿಗೆ ನಿಂತುಹೋಯಿತು. ಲ್ಯೂಸಿನ್ ಮೊದಲಾದ ಕವಲು ಸರಪಣಿಯ ಅಮೈನೋ ಆಮ್ಲಗಳನ್ನು ಹೊರಗಿನಿಂದ ಒದಗಿಸಿದಾಗ ಮತ್ತೆ ಬೆಳೆಯತೊಡಗಿತು. ಆಕ್ಸಿಜನ್ ಇಲ್ಲದಿದ್ದಾಗಲೂ ತಾಮ್ರದ ಹಾನಿ ಇತ್ತು.

ಲ್ಯೂಸಿನ್ ತಯಾರಿಸುವ ಕಿಣ್ವದ ಒಡಲಲ್ಲಿ ಕಬ್ಬಿಣ ಮತ್ತು ಗಂಧಕದ ಪರಮಾಣುಗಳ ಒಂದು ಪುಟ್ಟ ಗುಚ್ಛವಿದೆ. ಗಂಧಕಕ್ಕೆ ತಾಮ್ರದ ಮೇಲೆ ಕಬ್ಬಿಣಕ್ಕಿಂತ ಹೆಚ್ಚು ಒಲವು. ತಾಮ್ರ ಬಂದು ಗಂಧಕವನ್ನು ಹಿಡಿಯುತ್ತದೆ, ಕಬ್ಬಿಣ ಹೊರಬೀಳುತ್ತದೆ, ಕಿಣ್ವ ಕೆಲಸ ನಿಲ್ಲಿಸುತ್ತದೆ.

ಇಂಥ ಅಪಾಯದ ಎದುರು ಬ್ಯಾಕ್ಟೀರಿಯಾಗಳು ಬೆಳೆಸಿಕೊಂಡ ಎಚ್ಚರ ಬೆರಗು ಹುಟ್ಟಿಸುತ್ತದೆ. ಇ. ಕೋಲೈಯಲ್ಲಿ ತಾಮ್ರದ ಇರವನ್ನು ಗುರುತಿಸುವ ಕ್ಯುಇಆರ್ ಎಂಬ ಪ್ರೋಟೀನಿದೆ. ಅದು ಎಷ್ಟು ಸೂಕ್ಷ್ಮವೆಂದು 2003ರಲ್ಲಿ ಅಳೆದಾಗ ಬಂದ ಉತ್ತರ ಅಚ್ಚರಿಯದ್ದು: ಇಡೀ ಕೋಶದಲ್ಲಿ ಒಂದೇ ಒಂದು ಬಿಡಿ ತಾಮ್ರದ ಅಯಾನು ಇದ್ದರೂ ಆಗುವ ಸಾಂದ್ರತೆಗಿಂತ ಎಷ್ಟೋ ಕೆಳಗಿನ ಮಟ್ಟದಲ್ಲೇ ಅದು ಎಚ್ಚರಗೊಳ್ಳುತ್ತದೆ. ಅಂದರೆ ಕೋಶದೊಳಗೆ ಬಿಡಿ ತಾಮ್ರಕ್ಕೆ ಜಾಗವೇ ಇಲ್ಲ. ಸಂಕೇತ ಬಂದೊಡನೆ ಒಂದು ಪಂಪು ಶಕ್ತಿ ವ್ಯಯಿಸಿ ತಾಮ್ರವನ್ನು ಒಳಪೊರೆಯ ಆಚೆ ದೂಡುತ್ತದೆ. ಅಲ್ಲಿ ಒಂದು ಕಿಣ್ವ ಅದನ್ನು ಕಡಿಮೆ ಅಪಾಯದ ರೂಪಕ್ಕೆ ಉತ್ಕರ್ಷಿಸುತ್ತದೆ. ಎರಡು ಪೊರೆಗಳ ನಡುವೆ ಉಳಿದದ್ದನ್ನು ಮೂರನೆಯ ವ್ಯವಸ್ಥೆ ಕೋಶದ ಹೊರಕ್ಕೇ ಕಳಿಸುತ್ತದೆ. ಮಣ್ಣಿನ ಸ್ಯೂಡೋಮೊನಾಸ್ ಮತ್ತಿತರ ಕುಲಗಳಲ್ಲೂ ಇದೇ ಬಗೆಯ ಏರ್ಪಾಡುಗಳಿವೆ.

ಮಿಲ್ಲಾರ್ಡೆಯ ಪಾಕಕ್ಕೆ ನೂರನಲವತ್ತು ವರ್ಷ. ಇಷ್ಟು ನಾಜೂಕಾದ ವ್ಯವಸ್ಥೆ ಅಷ್ಟರಲ್ಲಿ ಹುಟ್ಟಿದ್ದಲ್ಲ. ಸುಮಾರು 240 ಕೋಟಿ ವರ್ಷಗಳ ಹಿಂದೆ ವಾತಾವರಣಕ್ಕೆ ಆಕ್ಸಿಜನ್ ಸೇರತೊಡಗಿದಾಗ, ಅಲ್ಲಿಯವರೆಗೆ ಕರಗದ ಸಲ್ಫೈಡ್ ಆಗಿ ಬಂಧಿಯಾಗಿದ್ದ ತಾಮ್ರ ನೀರಿಗೆ ಬಿಡುಗಡೆಯಾಯಿತು. ಜೀವಿಗಳು ಅಂದೇ ಅದನ್ನು ಬಳಸಲೂ ಅದರಿಂದ ಪಾರಾಗಲೂ ಕಲಿಯಬೇಕಾಯಿತು. ಮುಂದೆ ಬ್ಯಾಕ್ಟೀರಿಯಾಗಳನ್ನು ನುಂಗುವ ಅಮೀಬಾದಂಥ ಜೀವಿಗಳು ಬಂದವು. ನುಂಗಿದ ಬ್ಯಾಕ್ಟೀರಿಯಾದ ಮೇಲೆ ತಾಮ್ರ ಸುರಿದು ಕೊಲ್ಲುವ ತಂತ್ರ ನಮ್ಮ ದೇಹದ ಮ್ಯಾಕ್ರೊಫೇಜ್ ಕೋಶಗಳಲ್ಲಿ ಈಗಲೂ ಇದೆ. ಅಮೀಬಾಗಳಲ್ಲೂ ಅದೇ ತಂತ್ರ ಇರಬೇಕೆಂದೂ, ಮಣ್ಣಿನ ಬ್ಯಾಕ್ಟೀರಿಯಾಗಳು ತಾಮ್ರ ಪ್ರತಿರೋಧವನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದದ್ದಕ್ಕೆ ಅದೂ ಒಂದು ಕಾರಣವೆಂದೂ ಹಲವು ಸೂಕ್ಷ್ಮಜೀವಿ ವಿಜ್ಞಾನಿಗಳು ಭಾವಿಸುತ್ತಾರೆ. ದ್ರಾಕ್ಷಿ ತೋಟಕ್ಕೆ ಮೈಲುತುತ್ತ ಬಂದಾಗ ಈ ಹಳೆಯ ವಿದ್ಯೆ ಸಿದ್ಧವಾಗಿಯೇ ಇತ್ತು.

ಹಿಡಿಯುವವು, ಬಿಡಿಸುವವು

ಬದುಕಿ ಉಳಿದ ಬ್ಯಾಕ್ಟೀರಿಯಾಗಳು ತಾಮ್ರವನ್ನು ಏನು ಮಾಡುತ್ತವೆ? ಮೊದಲನೆಯದು ಹಿಡಿಯುವ ಕೆಲಸ. ಅವುಗಳ ಕೋಶಭಿತ್ತಿಯ ಮೇಲೆ ಕಾರ್ಬಾಕ್ಸಿಲ್ ಮತ್ತು ಫಾಸ್ಫೇಟ್ ಗುಂಪುಗಳಿವೆ. ಸುತ್ತ ಸ್ರವಿಸಿಕೊಂಡ ಅಂಟಿನಂಥ ಪಾಲಿಸ್ಯಾಕರೈಡ್ ಪದರವಿದೆ. ಎರಡಕ್ಕೂ ತಾಮ್ರ ಅಂಟಿಕೊಳ್ಳುತ್ತದೆ. ಇದಕ್ಕೆ ಬ್ಯಾಕ್ಟೀರಿಯಾ ಬದುಕಿರಲೇಬೇಕೆಂದಿಲ್ಲ, ಸತ್ತ ಕೋಶಗಳೂ ಹಿಡಿಯುತ್ತವೆ. ಆ ಅಂಟೇ ಮಣ್ಣಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಸವಕಳಿಯನ್ನೂ ತಡೆಯುತ್ತದೆ. ಸೂಕ್ಷ್ಮಜೀವಿಗಳ ಸತ್ತ ದೇಹಗಳೇ ಕಾಲಕ್ರಮದಲ್ಲಿ ಹ್ಯೂಮಸ್‌ನ ದೊಡ್ಡ ಪಾಲಾಗುತ್ತವೆ. ತಾಮ್ರವನ್ನು ಅತ್ಯಂತ ಬಿಗಿಯಾಗಿ ಹಿಡಿಯುವ ವಸ್ತುವನ್ನು ಮಣ್ಣಿಗೆ ಒದಗಿಸುವವು ಹೀಗೆ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳೇ.

ಎರಡನೆಯದು ಬಿಡಿಸುವ ಕೆಲಸ. ಕಬ್ಬಿಣ ಮಣ್ಣಿನಲ್ಲಿ ಹೇರಳವಾಗಿದ್ದರೂ ಕರಗಿರುವುದು ಕಡಿಮೆ. ಅದನ್ನು ಗಳಿಸಲು ಬ್ಯಾಕ್ಟೀರಿಯಾಗಳು ಸಿಡೆರೊಫೋರ್ ಎಂಬ ಅಣುಗಳನ್ನು ಹೊರಬಿಡುತ್ತವೆ. ಸ್ಯೂಡೋಮೊನಾಸ್ ಬಿಡುವ ಹಳದಿ ಹಸಿರು ಹೊಳಪಿನ ಪಯೊವರ್ಡಿನ್ ಅಂಥದ್ದೊಂದು. ಕಬ್ಬಿಣ ಹುಡುಕಿ ಹೊರಟ ಪಯೊವರ್ಡಿನ್ ದಾರಿಯಲ್ಲಿ ಸಿಕ್ಕ ತಾಮ್ರವನ್ನೂ ಕಟ್ಟಿಕೊಂಡು ನೀರಿಗೆ ತರುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಫ್ರೆಂಚ್ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದಾಗ ಪಯೊವರ್ಡಿನ್ ತಾಮ್ರವನ್ನು ಬಿಡಿಸಿತು, ಕ್ಯಾಡ್ಮಿಯಮ್ ಅನ್ನು ಬಿಡಿಸಲಿಲ್ಲ. ಗ್ಲುಕೋನಿಕ್ ಆಮ್ಲದಂಥ ಸಾವಯವ ಆಮ್ಲಗಳನ್ನು ಸ್ರವಿಸಿ ಫಾಸ್ಫೇಟ್ ಕರಗಿಸುವ ಬ್ಯಾಕ್ಟೀರಿಯಾಗಳೂ, ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಮಣ್ಣನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳೂ ಬಿಡಿಸುವವರ ಸಾಲಿನವು. ಅಮೋನಿಯಾ ರೂಪದ ಗೊಬ್ಬರ ಅತಿಯಾಗಿ ಹಾಕಿದಾಗ ಮಣ್ಣು ಹುಳಿಯಾಗುವುದೂ ಈ ಬ್ಯಾಕ್ಟೀರಿಯಾಗಳ ಮೂಲಕವೇ.

ಮೂರನೆಯದು ರೂಪ ಬದಲಿಸುವ ಕೆಲಸ. ನೀರು ನಿಂತು ಆಕ್ಸಿಜನ್ ಮುಗಿದ ಮಣ್ಣಿನಲ್ಲಿ ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳು ಸಲ್ಫೈಡ್ ಉಂಟುಮಾಡುತ್ತವೆ, ತಾಮ್ರ ಅದರೊಂದಿಗೆ ಸೇರಿ ಕರಗದ ತಾಮ್ರದ ಸಲ್ಫೈಡ್ ಆಗುತ್ತದೆ. ಇದರಿಂದ ತಾಮ್ರ ಬಂಧಿಯಾಯಿತು ಎಂದು ನೆಮ್ಮದಿಪಡುವಂತಿಲ್ಲ ಎಂಬುದನ್ನು ಫ್ರಾಂಕ್ ಆಂಡ್ರಿಯಾಸ್ ವೆಬರ್ ಮತ್ತು ಸ್ವಿಟ್ಜರ್ಲೆಂಡಿನ ಇಟಿಎಚ್ ಸಂಸ್ಥೆಯ ಅವರ ಸಂಗಡಿಗರು 2009ರಲ್ಲಿ ತೋರಿಸಿದರು. ಜರ್ಮನಿಯ ಮುಲ್ಡೆ ನದಿಯ ನೆರೆಬಯಲಿನ ಕಲುಷಿತ ಮಣ್ಣನ್ನು ಅವರು ನೀರಿನಲ್ಲಿ ಮುಳುಗಿಸಿಟ್ಟರು. ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾ ಕೋಶಗಳ ಜೊತೆಗೂಡಿ ಲೋಹ ತಾಮ್ರದ ಅತಿಸೂಕ್ಷ್ಮ ಹರಳುಗಳು ರೂಪುಗೊಂಡವು. ಆಮೇಲೆ ಸಲ್ಫೈಡ್ ಕಣಗಳಾದವು. ಈ ಕಣಗಳು ಎಷ್ಟು ಚಿಕ್ಕವೆಂದರೆ ತೇಲುವ ಬ್ಯಾಕ್ಟೀರಿಯಾಗಳೊಂದಿಗೆ ನೀರಿನಲ್ಲಿ ಸಾಗಬಲ್ಲವು. ನೀರು ಇಳಿದು ಗಾಳಿ ಆಡಿದಾಗ ಸಲ್ಫೈಡ್ ಮತ್ತೆ ಉತ್ಕರ್ಷಗೊಂಡು ತಾಮ್ರ ಹೊರಬರುತ್ತದೆ. ಬ್ರೆಜಿಲ್‌ನ ದ್ರಾಕ್ಷಿ ತೋಟದ ಮಣ್ಣಿನಿಂದ ಪ್ರತ್ಯೇಕಿಸಿದ ಸ್ಯೂಡೋಮೊನಾಸ್ ಕೂಡ ತಾಮ್ರದ ಅಯಾನನ್ನು ಅಪಕರ್ಷಿಸುವ ಶಕ್ತಿ ತೋರಿಸಿದೆ.

ಇಷ್ಟೆಲ್ಲದರ ನಡುವೆ ಬ್ಯಾಕ್ಟೀರಿಯಾಗಳಿಗೆ ತಾಮ್ರ ಬೇಕೂ ಬೇಕು. ಅಮೋನಿಯಾವನ್ನು ಉತ್ಕರ್ಷಿಸುವ ಕಿಣ್ವಕ್ಕೆ ತಾಮ್ರ ಬೇಕು. ಭೂಮಿಯನ್ನು ಕಾಯಿಸುವ ನೈಟ್ರಸ್ ಆಕ್ಸೈಡ್ ಅನಿಲವನ್ನು ನಿರುಪದ್ರವಿ ನೈಟ್ರೋಜನ್ ಆಗಿ ಬದಲಿಸುವ ಕಿಣ್ವದ ಪ್ರತಿ ಅರ್ಧದಲ್ಲಿ ಆರು ತಾಮ್ರದ ಪರಮಾಣುಗಳಿವೆ. ಮೀಥೇನ್ ಉಣ್ಣುವ ಕೆಲವು ಬ್ಯಾಕ್ಟೀರಿಯಾಗಳಂತೂ ತಾಮ್ರವನ್ನು ಹುಡುಕಿ ತರಲೆಂದೇ ಮೀಥನೊಬ್ಯಾಕ್ಟಿನ್ ಎಂಬ ಅಣುವನ್ನು ಹೊರಗೆ ಕಳಿಸುತ್ತವೆ. ತಾಮ್ರವೇ ಇಲ್ಲದ ಮಣ್ಣು ಆರೋಗ್ಯದ ಮಣ್ಣಲ್ಲ. ಪ್ರಶ್ನೆ ಯಾವಾಗಲೂ ಎಷ್ಟು ಮತ್ತು ಯಾವ ರೂಪದಲ್ಲಿ ಎಂಬುದು.

ಬ್ಯಾಕ್ಟೀರಿಯಾವನ್ನೇ ಕೇಳಿ ತಿಳಿಯುವುದು

ಲಭ್ಯ ತಾಮ್ರ ಎಷ್ಟೆಂದು ತಿಳಿಯಲು ಡೆನ್ಮಾರ್ಕಿನ ವಿಜ್ಞಾನಿಗಳು ಬ್ಯಾಕ್ಟೀರಿಯಾವನ್ನೇ ಉಪಕರಣ ಮಾಡಿಕೊಂಡರು. ಸ್ಯೂಡೋಮೊನಾಸ್ ಫ್ಲೂರೊಸೆನ್ಸ್‌ನಲ್ಲಿ ತಾಮ್ರ ಬಂದಾಗ ಚಾಲೂ ಆಗುವ ಜೀನಿಗೆ ಬೆಳಕು ಹೊಮ್ಮಿಸುವ ಜೀನುಗಳನ್ನು ಜೋಡಿಸಿದರು. ಕೋಶದೊಳಗೆ ತಾಮ್ರ ಹೊಕ್ಕಷ್ಟೂ ಬೆಳಕು. ಹೀಗೆ ಬ್ಯಾಕ್ಟೀರಿಯಾದ ಅನುಭವಕ್ಕೆ ಬರುವ ತಾಮ್ರವನ್ನು ನೇರವಾಗಿ ಅಳೆಯುವ ದಾರಿ ಸಿಕ್ಕಿತು. ಈ ಅಳತೆ ಒಟ್ಟು ತಾಮ್ರದ ಅಂಕಿಗಿಂತ ಬಹಳ ಕೆಳಗಿರುತ್ತದೆ.

ಇನ್ನೊಂದು ದಾರಿ ಇಡೀ ಸಮುದಾಯವನ್ನು ಪರೀಕ್ಷಿಸುವುದು. ತೋಟದ ಮಣ್ಣಿನಿಂದ ಬ್ಯಾಕ್ಟೀರಿಯಾಗಳನ್ನು ತೆಗೆದು ಬೇರೆ ಬೇರೆ ಪ್ರಮಾಣದ ತಾಮ್ರಕ್ಕೆ ಒಡ್ಡಿ, ಅವು ಎಷ್ಟು ಲ್ಯೂಸಿನ್ ಹೀರಿಕೊಂಡು ಬೆಳೆಯುತ್ತವೆಂದು ನೋಡುತ್ತಾರೆ. ಸ್ವೀಡನ್ನಿನ ಲುಂಡ್‌ನಲ್ಲಿ ಬೆಳೆದ ಈ ವಿಧಾನವನ್ನು ಸ್ಪೇನಿನ ಗಲೀಸಿಯಾದ ದ್ರಾಕ್ಷಿ ಮಣ್ಣಿಗೆ ಅನ್ವಯಿಸಿದಾಗ, ತಾಮ್ರ ಹೆಚ್ಚಿದ ತೋಟಗಳ ಬ್ಯಾಕ್ಟೀರಿಯಾ ಸಮುದಾಯ ತಾಮ್ರವನ್ನು ಹೆಚ್ಚು ತಾಳಿಕೊಳ್ಳುವುದು ಕಂಡಿತು. ತಾಳದವು ಹಿಂದೆ ಸರಿದಿವೆ, ತಾಳುವವು ಜಾಗ ತುಂಬಿವೆ.

ಇದನ್ನು ಕೇಳಿ ಮಣ್ಣು ತಾನೇ ಸುಧಾರಿಸಿಕೊಂಡಿತು ಎಂದು ಹಿಗ್ಗಬಾರದು. ತಾಳಿಕೆ ಬಂದ ಮಾತ್ರಕ್ಕೆ ತಾಮ್ರ ಕಡಿಮೆಯಾಗಿಲ್ಲ. ಪಂಪುಗಳನ್ನು ನಡೆಸಲು ಬ್ಯಾಕ್ಟೀರಿಯಾ ವ್ಯಯಿಸುವ ಶಕ್ತಿ ಅದರ ಬೆಳವಣಿಗೆಯಿಂದ ಕಳೆದದ್ದು. ಇನ್ನೂ ದೊಡ್ಡ ಆತಂಕವೊಂದಿದೆ. ತಾಮ್ರ ಪ್ರತಿರೋಧದ ಜೀನುಗಳು ಎಷ್ಟೋ ಸಲ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಪ್ಲಾಸ್ಮಿಡ್‌ಗಳ ಮೇಲಿರುತ್ತವೆ, ಅದೇ ಪ್ಲಾಸ್ಮಿಡ್‌ನಲ್ಲಿ ಆ್ಯಂಟಿಬಯಾಟಿಕ್ ಪ್ರತಿರೋಧದ ಜೀನುಗಳೂ ಇರಬಹುದು. ಕೃಷಿಮಣ್ಣಿಗೆ ತಾಮ್ರ ಸೇರಿಸಿದರೆ ಆ್ಯಂಟಿಬಯಾಟಿಕ್‌ಗೆ ಜಗ್ಗದ ಬ್ಯಾಕ್ಟೀರಿಯಾಗಳ ಪಾಲು ಹೆಚ್ಚುತ್ತದೆಂದು ಡೆನ್ಮಾರ್ಕಿನ ಹೊಲದ ಪ್ರಯೋಗ 2005ರಲ್ಲೇ ತೋರಿಸಿದೆ. ತಾಮ್ರವನ್ನು ನಂಬಿಕೊಂಡ ಬೆಳೆಗಾರನಿಗೂ ಈ ತಾಮ್ರ ಪ್ರತಿರೋಧ ತಿರುಗೇಟು. ಟೊಮೆಟೊ, ಮೆಣಸಿನಕಾಯಿಗೆ ಎಲೆಚುಕ್ಕೆ ತರುವ ಕ್ಸಾಂಥೊಮೊನಾಸ್ ತಾಮ್ರಕ್ಕೆ ಬಗ್ಗದಿರುವುದನ್ನು ಅಮೆರಿಕದ ಫ್ಲಾರಿಡಾದಲ್ಲಿ 1983ರಲ್ಲಿ ವರದಿ ಮಾಡಿದರು.

ಬ್ಯಾಕ್ಟೀರಿಯಾ ಬಿಟ್ಟು ತೊಳೆಯಬಹುದೇ?

ತಾಮ್ರ ಬಿಡಿಸುವ ಬ್ಯಾಕ್ಟೀರಿಯಾವನ್ನು ಮಣ್ಣಿಗೆ ಸೇರಿಸಿ, ಬಿಡಿಯಾದ ತಾಮ್ರವನ್ನು ಗಿಡಗಳು ಹೀರುವಂತೆ ಮಾಡಿ, ಆ ಗಿಡಗಳನ್ನು ಕೊಯ್ದು ಸಾಗಿಸಿದರೆ ತೋಟ ಶುದ್ಧವಾದೀತು ಎಂಬ ಯೋಚನೆ ಆಕರ್ಷಕ. ಫ್ರಾನ್ಸ್, ಬ್ರೆಜಿಲ್‌ಗಳಲ್ಲಿ ಇದಕ್ಕಾಗಿ ಶ್ರದ್ಧೆಯ ಪ್ರಯೋಗಗಳು ನಡೆದಿವೆ. ಆದರೂ ಲೆಕ್ಕ ಹಾಕಿ ನೋಡೋಣ.

ಒಂದು ಹೆಕ್ಟೇರಿನಲ್ಲಿ 20 ಸೆಂಟಿಮೀಟರ್ ಆಳದ ಮಣ್ಣಿನ ತೂಕ ಸುಮಾರು 2,600 ಟನ್. ಕಿಲೋಗೆ 100 ಮಿಲಿಗ್ರಾಂ ತಾಮ್ರವಿದ್ದರೆ ಒಟ್ಟು 260 ಕಿಲೋ. ಯುರೋಪಿನ ಒಟ್ಟು ಮಣ್ಣಿನ ಸರಾಸರಿಯಾದ 17ಕ್ಕೆ ಇಳಿಸಬೇಕಾದರೆ ಸುಮಾರು 216 ಕಿಲೋ ಹೊರತೆಗೆಯಬೇಕು. ಬಳ್ಳಿಗಳ ನಡುವಿನ ಹೊದಿಕೆ ಬೆಳೆ ವರ್ಷಕ್ಕೆ 5 ಟನ್ ಒಣ ಮೇವು ಕೊಟ್ಟು, ಅದರ ಪ್ರತಿ ಕಿಲೋದಲ್ಲಿ 20 ಮಿಲಿಗ್ರಾಂ ತಾಮ್ರವಿದೆ ಎಂದುಕೊಂಡರೆ ವರ್ಷಕ್ಕೆ ಹೊರಹೋಗುವುದು 100 ಗ್ರಾಂ. ಕೆಲಸ ಮುಗಿಯಲು ಎರಡು ಸಾವಿರ ವರ್ಷ ಮೀರುತ್ತದೆ. ಬ್ಯಾಕ್ಟೀರಿಯಾ ನೆರವಿನಿಂದ ಹೀರಿಕೆ ಎರಡು ಪಟ್ಟಾದರೂ ಸಾವಿರ ವರ್ಷ ದಾಟುತ್ತದೆ. ಅಷ್ಟರಲ್ಲಿ ಕಾನೂನು ಒಪ್ಪಿದ 4 ಕಿಲೋ ತಾಮ್ರ ಒಂದೇ ವರ್ಷ ಬಿದ್ದರೆ, ಗಿಡಗಳು 40 ವರ್ಷ ದುಡಿದು ತೆಗೆದದ್ದು ಮರಳಿ ಬಂದಂತೆ. ಬಿಡಿಸಿದ ತಾಮ್ರವೆಲ್ಲ ಗಿಡಕ್ಕೇ ಹೋಗುತ್ತದೆ ಎಂಬ ಖಾತ್ರಿಯೂ ಇಲ್ಲ. ಒಂದಿಷ್ಟು ಅಂತರ್ಜಲಕ್ಕೆ ಇಳಿದೀತು, ಒಂದಿಷ್ಟು ಎರೆಹುಳುವಿಗೆ ತಟ್ಟೀತು.

ಬ್ಯಾಕ್ಟೀರಿಯಾಗಳಿಂದ ನಾವು ಕೇಳಬೇಕಾದದ್ದು ಶುದ್ಧೀಕರಣವನ್ನಲ್ಲ ಎಂದು ಈ ಲೆಕ್ಕ ನನಗೆ ಮನದಟ್ಟು ಮಾಡಿದೆ. ಅವು ಮಾಡಬಲ್ಲ ದೊಡ್ಡ ಉಪಕಾರ ಹಿಡಿದಿಡುವುದು. ಅದಕ್ಕೆ ಬೇಕಾದ್ದು ಬಾಟಲಿಯಲ್ಲಿ ಕೊಂಡು ತಂದ ಬ್ಯಾಕ್ಟೀರಿಯಾಗಿಂತ ಹೆಚ್ಚಾಗಿ ಮಣ್ಣಿನಲ್ಲೇ ಇರುವ ಸಮುದಾಯಕ್ಕೆ ಆಹಾರ, ಮತ್ತು ಹುಳಿಯಾಗದ ಮಣ್ಣು. ಚೆನ್ನಾಗಿ ಕಳಿತ ಕಾಂಪೋಸ್ಟ್ ಎರಡಕ್ಕೂ ನೆರವಾಗುತ್ತದೆ. ಹಸಿ ಗೊಬ್ಬರದಿಂದ ಹೊರಬರುವ ಕರಗುವ ಸಾವಯವ ಅಣುಗಳು ತಾಮ್ರವನ್ನು ಕಟ್ಟಿಕೊಂಡು ನೀರಿನೊಡನೆ ಸಾಗಿಸಬಲ್ಲವು, ಆದ್ದರಿಂದ ಕಳಿಯಿಸುವುದು ಮುಖ್ಯ. ಹಂದಿ ಮತ್ತು ಕೋಳಿಗಳ ಆಹಾರಕ್ಕೆ ತಾಮ್ರ ಸೇರಿಸುವುದರಿಂದ ಅವುಗಳ ಗೊಬ್ಬರ ತಾನೇ ತಾಮ್ರ ತರಬಹುದೆಂಬ ಎಚ್ಚರವೂ ಬೇಕು.

ನಮ್ಮ ತೋಟಗಳ ಪಾಲಿಗೆ

ಕರ್ನಾಟಕದ ಮಟ್ಟಿಗೆ ಈ ವಿಜ್ಞಾನ ಎರಡು ಬೇರೆ ನೆಲಗಳಲ್ಲಿ ಎರಡು ಬಗೆಯಲ್ಲಿ ಅನ್ವಯಿಸುತ್ತದೆ. ವಿಜಯಪುರದ ದ್ರಾಕ್ಷಿ ಬೆಳೆಯುವ ಕಪ್ಪು ಮಣ್ಣಿನಲ್ಲಿ ಜೇಡಿ ಹೆಚ್ಚು, ಸುಣ್ಣ ಹೆಚ್ಚು, ತಾಮ್ರದ ಮೇಲೆ ಹಿಡಿತ ಬಿಗಿ. ಆದರೆ ಬಿಸಿಲು ನೆಲದಲ್ಲಿ ಸಾವಯವ ಇಂಗಾಲ ಬೇಗ ಕರಗುತ್ತದೆ. ಮಲೆನಾಡು, ಕೊಡಗಿನ ಅಡಿಕೆ ಮತ್ತು ಕಾಫಿ ಮಣ್ಣು ಹುಳಿ, ಮಳೆ ಜೋರು. ತಾಮ್ರ ಬಿಡಿಯಾಗಲು ಎಲ್ಲ ಅನುಕೂಲವೂ ಅಲ್ಲಿದೆ. ಅದಕ್ಕೆ ಎದುರಾಗಿ ನಿಂತಿರುವುದು ಆ ನೆಲದ ಹ್ಯೂಮಸ್. ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ತಂದು, ಕೊಟ್ಟಿಗೆಗೆ ಹಾಸಿ, ಕಳಿತ ಗೊಬ್ಬರವನ್ನು ಅಡಿಕೆ ಬುಡಕ್ಕೆ ಕೊಡುತ್ತ ಬಂದ ತಲೆಮಾರುಗಳು ಬೋರ್ಡೋದ ತಾಮ್ರವನ್ನು ಹಿಡಿದಿಡುವ ಬಲವನ್ನೂ ಮಣ್ಣಿಗೆ ತುಂಬಿದ್ದಾರೆ. ಸೊಪ್ಪು ತರುವ ಕೈಗಳು ಕಡಿಮೆಯಾಗಿ, ಗೊಬ್ಬರ ನಿಂತು, ಸಿಂಪರಣೆ ಮಾತ್ರ ಮುಂದುವರಿದರೆ ಈ ಬಲ ಕುಗ್ಗುತ್ತದೆ. ಮಲೆನಾಡಿನ ಮಣ್ಣಿನ ಬಗ್ಗೆ ನನ್ನ ದೊಡ್ಡ ಕಳವಳ ಇದೇ.

ಕೆಲಸ ಶುರು ಮಾಡಲು ಹೊಸ ಯಂತ್ರ ಬೇಕಾಗಿಲ್ಲ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಸಾಲುಗಳಲ್ಲಿ ತಾಮ್ರ, ರಸಸಾರ, ಸಾವಯವ ಇಂಗಾಲ ಮೂರೂ ಇವೆ. ತಾಮ್ರದ ಸಾಲನ್ನು ನಾವು ಇಷ್ಟು ದಿನ ಕೊರತೆ ಇದೆಯೇ ಎಂದು ತಿಳಿಯಲಷ್ಟೇ ನೋಡಿದ್ದೇವೆ. ದಶಕಗಳ ಕಾಲ ಬೋರ್ಡೋ ಬಿದ್ದ ತೋಟದಲ್ಲಿ ಅದನ್ನು ಹೆಚ್ಚಾಗಿದೆಯೇ ಎಂದೂ ಓದಬೇಕು, ಉಳಿದೆರಡು ಸಾಲುಗಳ ಜೊತೆಗಿಟ್ಟು ಓದಬೇಕು, ಕೆಲವು ವರ್ಷಕ್ಕೊಮ್ಮೆ ಹಳೆಯ ಚೀಟಿಯೊಂದಿಗೆ ಹೋಲಿಸಿ ಓದಬೇಕು. ತಾಮ್ರ ಏರುತ್ತ, ಇಂಗಾಲ ಮತ್ತು ರಸಸಾರ ಇಳಿಯುತ್ತ ಹೋದರೆ ಅದು ಅಪಾಯದ ಸೂಚನೆ. ಆಗ ರೋಗದ ಮುನ್ಸೂಚನೆ ನೋಡಿ, ಬೇಕಾದಾಗ ಬೇಕಾದಷ್ಟೇ ಸಿಂಪಡಿಸುವುದು ಮೊದಲ ಹೆಜ್ಜೆ. ಸುಣ್ಣ ಮತ್ತು ಕಳಿತ ಗೊಬ್ಬರ ಎರಡನೆಯದು. ಬ್ಯಾಕ್ಟೀರಿಯಾಗಳು ತಮ್ಮ ಪಾಲಿನ ಕೆಲಸವನ್ನು ಎಡೆಬಿಡದೆ ಮಾಡುತ್ತಿವೆ. ಮೇಲಿಂದ ಬೀಳುವ ತಾಮ್ರವನ್ನು ಕಡಿಮೆ ಮಾಡುವುದು ಮಾತ್ರ ಅವುಗಳಿಂದಾಗದು. ಅದು ಸಿಂಪರಣೆಯ ಕೊಳವೆ ಹಿಡಿದವರ ಹೊಣೆ.